ನಿನ್ನೆಯ ಆಟಕ್ಕೆ ನಾಳೆಯ ಹಣ

2019ರ ಡಿಸೆಂಬರ್ ಎರಡನೇ ವಾರ. ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಡಿಯೇಗೊ ನಗರದ ದೊಡ್ಡ ಹೋಟೆಲೊಂದರಲ್ಲಿ ಬೇಸ್‌ಬಾಲ್ ಲೋಕವೇ ಬೀಡುಬಿಟ್ಟಿದೆ. ಋತು ಮುಗಿದು ಒಂದೂವರೆ ತಿಂಗಳಾಗಿರುವುದರಿಂದ ಅಲ್ಲಿ ಬ್ಯಾಟೂ ಇಲ್ಲ, ಚೆಂಡೂ ಇಲ್ಲ. ಇರುವವರು ತಂಡಗಳ ಅಧಿಕಾರಿಗಳು, ಕಿವಿಯಿಂದ ಫೋನ್ ತೆಗೆಯದ ಏಜೆಂಟರು, ಲಾಬಿಯ ಸೋಫಾಗಳಲ್ಲಿ ನಿದ್ದೆಗೆಟ್ಟು ಕೂತ ಪತ್ರಕರ್ತರು. ಬೇಸ್‌ಬಾಲ್‌ನ ಚಳಿಗಾಲದ ಈ ವಾರ್ಷಿಕ ಸಭೆಯಲ್ಲಿ ನಡೆಯುವುದೆಲ್ಲ ಲೆಕ್ಕಾಚಾರದ ಆಟ.

ಸೋಮವಾರ ಮೊದಲ ಸುದ್ದಿ ಬಂತು. ವಾಷಿಂಗ್ಟನ್ ನ್ಯಾಷನಲ್ಸ್ ತಂಡ ತನ್ನ ಪಿಚರ್ (ಚೆಂಡೆಸೆಯುವ ಆಟಗಾರ) ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು 7 ವರ್ಷಕ್ಕೆ 24.5 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡಿತು. ಮಂಗಳವಾರ ನ್ಯೂಯಾರ್ಕ್ ಯಾಂಕೀಸ್ ತಂಡ ಇನ್ನೊಬ್ಬ ಪಿಚರ್ ಗೆರಿಟ್ ಕೋಲ್ ಅವರಿಗೆ 9 ವರ್ಷಕ್ಕೆ 32.4 ಕೋಟಿ ಡಾಲರ್ ಕೊಡಲು ಒಪ್ಪಿತು. ಬುಧವಾರ ಲಾಸ್ ಏಂಜಲೀಸ್ ಏಂಜಲ್ಸ್ ತಂಡ ಬ್ಯಾಟರ್ ಆಂಥೊನಿ ರೆಂಡನ್ ಅವರನ್ನು 7 ವರ್ಷ, 24.5 ಕೋಟಿಗೆ ಬರಮಾಡಿಕೊಂಡಿತು. ಮೂವರಿಗೂ ಏಜೆಂಟ್ ಒಬ್ಬರೇ, ಸ್ಕಾಟ್ ಬೊರಾಸ್. ಮೂರು ದಿನದಲ್ಲಿ ಕುದುರಿದ ವ್ಯವಹಾರ 81.4 ಕೋಟಿ ಡಾಲರ್.

ಮುಂದೇನಾಯಿತು? ಕೋಲ್ 2023ರಲ್ಲಿ ತಮ್ಮ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದರು. 2025ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಗಿ ಇಡೀ ಋತು ಹೊರಗುಳಿದರು. ರೆಂಡನ್ ಮುಂದಿನ ಆರು ವರ್ಷಗಳಲ್ಲಿ ಯಾವ ಋತುವಿನಲ್ಲೂ 58ಕ್ಕಿಂತ ಹೆಚ್ಚು ಪಂದ್ಯ ಆಡಲಿಲ್ಲ. ಬೇಸ್‌ಬಾಲ್ ಋತುವಿನಲ್ಲಿ ತಂಡವೊಂದು ಸಾಮಾನ್ಯವಾಗಿ ಆಡುವುದು 162 ಪಂದ್ಯ. ಸ್ಟ್ರಾಸ್‌ಬರ್ಗ್ ಅವರದು ಇನ್ನೂ ಕಷ್ಟದ ಕಥೆ. ಸಹಿ ಹಾಕಿದ ಮೇಲೆ ಅವರು ಆಡಿದ್ದು ಒಟ್ಟು ಎಂಟೇ ಪಂದ್ಯ.

ಇದನ್ನು ಬರೀ ದುರದೃಷ್ಟ ಎಂದು ತಳ್ಳಿಹಾಕುವಂತಿಲ್ಲ. ದುಬಾರಿ ಆಟಗಾರರ ಒಪ್ಪಂದಗಳು ಇಷ್ಟೊಂದು ಸಲ ಕೈಕೊಡುವುದಕ್ಕೆ ಆ ಮಾರುಕಟ್ಟೆಯ ಕಟ್ಟಳೆಗಳೇ ಕಾರಣ. ಆ ಕಟ್ಟಳೆಗಳಲ್ಲಿ ಮುಖ್ಯವಾದದ್ದು ಉಳಿದಿರುವುದು ತಂಡದ ಮಾಲೀಕರ ಹಿತಕ್ಕಾಗಿ.

ಬಿಡುಗಡೆಗೆ ಆರು ವರ್ಷ

ಆ ಮೂವರೂ ಮಾರುಕಟ್ಟೆಗೆ ಬಂದದ್ದು ಫ್ರೀ ಏಜೆಂಟ್ ಆಗಿ. ಫ್ರೀ ಏಜೆಂಟ್ ಎಂದರೆ ಒಪ್ಪಂದದ ಕಟ್ಟು ಕಳೆದು, ಇಷ್ಟ ಬಂದ ತಂಡದ ಜತೆ ಮಾತಾಡಬಲ್ಲ ಆಟಗಾರ. ಈಗ ಸಹಜ ಎನಿಸುವ ಈ ಸ್ವಾತಂತ್ರ್ಯ ಬೇಸ್‌ಬಾಲ್‌ನಲ್ಲಿ ಸುಮಾರು ನೂರು ವರ್ಷ ಇರಲಿಲ್ಲ. ಆಟಗಾರನ ಮೇಲಿನ ಹಕ್ಕು ತಂಡದ್ದೇ ಎಂದು ಮಾಲೀಕರು 1879ರಲ್ಲಿ ತಮ್ಮೊಳಗೇ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅದೇ ಬೆಳೆದು ಎಲ್ಲರನ್ನೂ ಕಟ್ಟಿಹಾಕುವ ನಿಯಮವಾಯಿತು. ತಂಡ ಇಟ್ಟುಕೊಂಡರೆ ಇರಬೇಕು, ಬೇರೆ ಊರಿಗೆ ಸಾಗಹಾಕಿದರೆ ಹೋಗಬೇಕು.

1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರರನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಾಗ ಅವರು ಹೋಗಲು ಒಪ್ಪಲಿಲ್ಲ. ತಾನು ಕೊಟ್ಟು ಕೊಳ್ಳುವ ಸರಕಲ್ಲ ಎಂದು ಬೇಸ್‌ಬಾಲ್ ಕಮಿಷನರ್‌ಗೆ ಪತ್ರ ಬರೆದು ಕೋರ್ಟ್ ಮೆಟ್ಟಿಲೇರಿದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–3ರ ಅಂತರದಲ್ಲಿ ಸೋತರು. ಆದರೆ ಮೂರೇ ವರ್ಷದಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳು ಹೊಸ ಒಪ್ಪಂದಕ್ಕೆ ಸಹಿ ಹಾಕದೆಯೇ ಒಂದು ಋತು ಕಳೆದು, ಇನ್ನು ನಾವು ಸ್ವತಂತ್ರರು ಎಂದರು. 1975ರ ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅದನ್ನು ಎತ್ತಿಹಿಡಿದರು. ಮಾಲೀಕರು ಕೂಡಲೇ ಅವರನ್ನು ಕೆಲಸದಿಂದ ತೆಗೆದರಾದರೂ ತೀರ್ಪು ಉಳಿಯಿತು.

ಆಮೇಲಿನ ಚೌಕಾಸಿಯೇ ಇವತ್ತಿನ ಕಥೆಯ ಬೇರು. ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಒಂದು ಸಲಹೆ ಕೊಟ್ಟಿದ್ದರು: ಎಲ್ಲ ಆಟಗಾರರನ್ನೂ ಪ್ರತಿವರ್ಷ ಬಿಟ್ಟುಬಿಡಿ. ಮಾರುಕಟ್ಟೆಯಲ್ಲಿ ನೂರಾರು ಜನ ಒಟ್ಟಿಗೆ ನಿಂತರೆ ಬೆಲೆ ಇಳಿಯುತ್ತದೆ ಎನ್ನುವುದು ಅವರ ಲೆಕ್ಕ. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಒಳಗೊಳಗೇ ಹೆದರಿದ್ದು ಈ ಸಲಹೆಗೇ. ಉಳಿದ ಮಾಲೀಕರು ಕಿವಿಗೊಡಲಿಲ್ಲ. ಆಟಗಾರರನ್ನು ಆದಷ್ಟು ಕಾಲ ಹಿಡಿದಿಟ್ಟುಕೊಳ್ಳುವುದೇ ಅವರಿಗೆ ಬೇಕಿತ್ತು. ಅಗ್ರ ಮಟ್ಟದ ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡಿದ ಮೇಲಷ್ಟೇ ಬಿಡುಗಡೆ ಎಂದು ತೀರ್ಮಾನವಾಯಿತು. ಇಂದಿಗೂ ಅದೇ ನಿಯಮ.

ಹಲ್ಲಿದ್ದಾಗ ಕಡಲೆ ಇಲ್ಲ

ಈ ಆರು ವರ್ಷಗಳಲ್ಲಿ ಆಟಗಾರನಿಗೆ ಸಿಗುವುದೆಷ್ಟು? ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. 2025ರಲ್ಲಿ ಅದು ವರ್ಷಕ್ಕೆ 7.6 ಲಕ್ಷ ಡಾಲರ್. ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯ ಮೂಲಕ ಒಂದಿಷ್ಟು ಏರಿಕೆ. ನಮ್ಮ ಕಣ್ಣಿಗೆ ಅದೂ ದೊಡ್ಡ ಮೊತ್ತವೇ. ಆದರೆ ಮುಕ್ತ ಮಾರುಕಟ್ಟೆಯಲ್ಲಿ ಅದೇ ಆಟಕ್ಕೆ ಸಿಗುವ ಬೆಲೆಯ ಮುಂದೆ ಅದು ಪುಡಿಗಾಸು.

ಹೆಚ್ಚಿನ ಆಟಗಾರರು ಮೇಜರ್ ಲೀಗ್ ತಲುಪುವ ಹೊತ್ತಿಗೆ 23–25 ವರ್ಷ ದಾಟಿರುತ್ತದೆ. ಅದಕ್ಕೆ ಆರು ಕೂಡಿಸಿ. ಮಾರುಕಟ್ಟೆಗೆ ಬರುವಾಗ ಮೂವತ್ತರ ಆಚೀಚೆ. ಬೇಸ್‌ಬಾಲ್ ಅಂಕಿಅಂಶಗಳನ್ನು ಅಗೆದು ನೋಡುವ ಪರಿಪಾಠವನ್ನು ಬೆಳೆಸಿದ ಬಿಲ್ ಜೇಮ್ಸ್ 1980ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಂತೆ, ಬ್ಯಾಟರ್‌ಗಳ ಅತ್ಯುತ್ತಮ ವಯಸ್ಸು 27ರ ಸುತ್ತಮುತ್ತ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂಬ ಮಾತು ಇಲ್ಲಿ ಪೂರ್ತಿ ನಿಜ.

ವಯಸ್ಸು ಎಲ್ಲಿ ಕಾಡುತ್ತದೆ? ಗಂಟೆಗೆ 150 ಕಿ.ಮೀ. ವೇಗದ ಚೆಂಡು ಪಿಚರ್‌ನ ಕೈಬಿಟ್ಟು ಬ್ಯಾಟರ್‌ನನ್ನು ತಲುಪಲು ತೆಗೆದುಕೊಳ್ಳುವುದು ಸುಮಾರು 0.4 ಸೆಕೆಂಡ್. ಅಷ್ಟರೊಳಗೆ ಚೆಂಡು ಗುರುತಿಸಬೇಕು, ಹೊಡೆಯಬೇಕೋ ಬಿಡಬೇಕೋ ನಿರ್ಧರಿಸಬೇಕು, ಬ್ಯಾಟ್ ಬೀಸಬೇಕು. ಕಣ್ಣು-ಕೈಗಳ ಚುರುಕು ಕೂದಲೆಳೆಯಷ್ಟು ಇಳಿದರೂ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಆಗಬೇಕಾದದ್ದು ಕ್ಯಾಚ್ ಆಗುತ್ತದೆ.

ಆಲ್ಬರ್ಟ್ ಪೂಹೊಲ್ಸ್ ಅವರ ವೃತ್ತಿಜೀವನ ಇದಕ್ಕೆ ಕನ್ನಡಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ 11 ಋತುಗಳಲ್ಲಿ 445 ಹೋಮ್ ರನ್, ಸರಾಸರಿ .328. ಅಂದರೆ ಲೆಕ್ಕಕ್ಕೆ ಬರುವ ಸಾವಿರ ಅವಕಾಶಗಳಲ್ಲಿ 328 ಹಿಟ್. ಮುನ್ನೂರು ದಾಟಿದರೇ ಆ ಆಟದಲ್ಲಿ ಬ್ಯಾಟರ್‌ಗೆ ತಲೆಬಾಗುತ್ತಾರೆ. 2011ರ ಡಿಸೆಂಬರ್‌ನಲ್ಲಿ, 32 ತುಂಬಲು ತಿಂಗಳಷ್ಟೇ ಬಾಕಿಯಿದ್ದಾಗ, ಏಂಜಲ್ಸ್ ತಂಡ ಅವರಿಗೆ 10 ವರ್ಷಕ್ಕೆ 24 ಕೋಟಿ ಡಾಲರ್ ಬರೆದುಕೊಟ್ಟಿತು. ಎರಡನೇ ವರ್ಷವೇ ಪಾದದ ನೋವಿನಿಂದ ಅವರಿಗೆ ಆಡಲಾದದ್ದು 99 ಪಂದ್ಯ. ಏಂಜಲ್ಸ್ ಪರ ಒಟ್ಟು ಸರಾಸರಿ .256ಕ್ಕೆ ಇಳಿಯಿತು. ಒಪ್ಪಂದದ ಕೊನೆಯ ವರ್ಷವಾದ 2021ರ ಮೇ ತಿಂಗಳಲ್ಲಿ, 3 ಕೋಟಿ ಡಾಲರ್ ಸಂಬಳದ ಆ ಮಹಾನ್ ಆಟಗಾರರನ್ನು ತಂಡ ನಡುವಿನಲ್ಲೇ ಕೈಬಿಟ್ಟಿತು. ಆ ಹತ್ತು ವರ್ಷಗಳಲ್ಲಿ ಏಂಜಲ್ಸ್ ಪ್ಲೇಆಫ್ ತಲುಪಿದ್ದು ಒಂದೇ ಸಲ. ಅದೂ ಒಂದು ಪಂದ್ಯವನ್ನೂ ಗೆಲ್ಲದೆ ಮರಳಿತು.

ಅವರನ್ನು ಕಳೆದುಕೊಂಡ ಕಾರ್ಡಿನಲ್ಸ್ ಏನಾಯಿತು? ಮುಂದಿನ ನಾಲ್ಕೂ ವರ್ಷ ಪ್ಲೇಆಫ್ ಆಡಿತು. ತಾರಾ ಆಟಗಾರ ಬಿಟ್ಟುಹೋದರೆ ಹಳೆಯ ತಂಡಕ್ಕೆ ಪರಿಹಾರವಾಗಿ ಹೊಸಬರ ಆಯ್ಕೆಯಲ್ಲಿ ಹೆಚ್ಚಿನ ಸರದಿ ಸಿಗುತ್ತದೆ. ಪೂಹೊಲ್ಸ್ ಹೋದದ್ದಕ್ಕೆ ಏಂಜಲ್ಸ್‌ನಿಂದ ಬಂದ ಸರದಿಯಲ್ಲಿ ಕಾರ್ಡಿನಲ್ಸ್ ಆರಿಸಿದ್ದು ಮೈಕೆಲ್ ವಾಕಾ ಎಂಬ ತರುಣ ಪಿಚರ್‌ನನ್ನು. ಮರುವರ್ಷ, 2013ರಲ್ಲಿ, ತಂಡವನ್ನು ಚಾಂಪಿಯನ್ ಪಟ್ಟದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ಕರೆದೊಯ್ದ ಸರಣಿಯ ಶ್ರೇಷ್ಠ ಆಟಗಾರ ಈ ವಾಕಾ.

ಹರಾಜು ಗೆದ್ದವರ ಪಾಡು

1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರ್‌ಗಳು ಒಂದು ಪ್ರಬಂಧ ಬರೆದರು. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ತೆಗೆಯುವ ಹಕ್ಕನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಬರುತ್ತಿರಲಿಲ್ಲ. ಏಕೆ? ಕಡಲ ತಳದಲ್ಲಿ ಎಷ್ಟು ತೈಲವಿದೆ ಎಂದು ಯಾರಿಗೂ ಖಚಿತವಿಲ್ಲ. ಹತ್ತು ಕಂಪನಿಗಳು ಹತ್ತು ಅಂದಾಜು ಮಾಡುತ್ತವೆ. ಹರಾಜು ಗೆಲ್ಲುವುದು ಅತಿ ಹೆಚ್ಚು ಅಂದಾಜು ಮಾಡಿದವರು. ಸರಾಸರಿ ಅಂದಾಜು ಸರಿಯಿದ್ದರೂ, ಗೆದ್ದವರದು ಮಾತ್ರ ಮಿತಿಮೀರಿದ ಲೆಕ್ಕ. ಅರ್ಥಶಾಸ್ತ್ರಜ್ಞರು ಇದನ್ನು ಗೆದ್ದವರ ಶಾಪ ಎನ್ನುತ್ತಾರೆ.

ಬೇಸ್‌ಬಾಲ್ ಮಾರುಕಟ್ಟೆಗೂ ಇದು ಹಾಗೇ ಒಪ್ಪುತ್ತದೆ. ಆಟಗಾರ ಮುಂದಿನ ಏಳು ವರ್ಷ ಹೇಗೆ ಆಡುತ್ತಾನೆಂದು ಬಲ್ಲವರಿಲ್ಲ. ಎಲ್ಲರಿಗಿಂತ ಹೆಚ್ಚು ಭರವಸೆ ಇಟ್ಟವರು ಎಲ್ಲರಿಗಿಂತ ಹೆಚ್ಚು ಹಣ ಕೊಟ್ಟು ಗೆಲ್ಲುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಆಟಗಾರನ ಭುಜ, ಮಂಡಿ, ಅಭ್ಯಾಸ, ಸ್ವಭಾವಗಳನ್ನು ಹತ್ತಿರದಿಂದ ಬಲ್ಲದ್ದು ಅವನ ಹಳೆಯ ತಂಡ. ಆ ತಂಡವೇ ಹಿಂದೆ ಸರಿದರೆ ಕೊಳ್ಳುವವರು ಒಂದು ಸಲ ನಿಂತು ಯೋಚಿಸಬೇಕು.

ಮೈ ಕೈಕೊಟ್ಟಾಗ

ಹತ್ತಿರದಿಂದ ಬಲ್ಲವರೂ ಎಡವುತ್ತಾರೆ ಎನ್ನುವುದಕ್ಕೆ ಸ್ಟ್ರಾಸ್‌ಬರ್ಗ್ ಸಾಕ್ಷಿ. ಅವರನ್ನು ಬೆಳೆಸಿದ್ದು ನ್ಯಾಷನಲ್ಸ್ ತಂಡವೇ. 2010ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿದ್ದೂ ಅದೇ. ಕೈಗೆ ಹೆಚ್ಚು ಹೊರೆಯಾಗದಿರಲಿ ಎಂದು 2012ರಲ್ಲಿ, ತಂಡ ಪ್ಲೇಆಫ್ ಹೊಸ್ತಿಲಲ್ಲಿದ್ದಾಗಲೇ, ಅವರನ್ನು ಆಟದಿಂದ ಹಿಂದಕ್ಕೆ ಕರೆಸಿ ಟೀಕೆಗೆ ಗುರಿಯಾಗಿತ್ತು. ಅಷ್ಟು ಜೋಪಾನ ಮಾಡಿತ್ತು.

2019ರಲ್ಲಿ ಮಾತ್ರ ಜೋಪಾನದ ಮಾತಿರಲಿಲ್ಲ. ಪ್ಲೇಆಫ್ ಸೇರಿಸಿದರೆ ಆ ವರ್ಷ ಅವರು ಎಸೆದಷ್ಟು ಇನಿಂಗ್ಸ್ ಹಿಂದೆಂದೂ ಎಸೆದಿರಲಿಲ್ಲ. ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನೂ ಅವರೇ. ಬೆಲೆ ಏರಿಸಿದ ಆ ಋತುವಿನ ಬೆನ್ನಿಗೇ ದೇಹ ಒಡೆಯಿತು. ಮೊದಲು ಕೈಯ ನರದ ತೊಂದರೆ. 2021ರಲ್ಲಿ ಕುತ್ತಿಗೆ ಮತ್ತು ಹೆಗಲ ನಡುವೆ ನರ, ರಕ್ತನಾಳಗಳು ಒತ್ತಿಹೋಗುವ ಕಾಯಿಲೆಗೆ ಶಸ್ತ್ರಚಿಕಿತ್ಸೆ, ಪಕ್ಕೆಲುಬೊಂದನ್ನು ತೆಗೆಯಬೇಕಾಯಿತು. 2022ರ ಜೂನ್‌ನಲ್ಲಿ ಒಂದು ಪಂದ್ಯಕ್ಕೆ ಮರಳಿ ಬಂದರು. ಅದೇ ಕೊನೆ. 2024ರಲ್ಲಿ ನಿವೃತ್ತಿ ಪ್ರಕಟವಾಯಿತು.

ಭುಜದ ಮೇಲೆ ತೋಳನ್ನು ಬೀಸಿ ಚೆಂಡನ್ನು ಈ ವೇಗದಲ್ಲಿ ಸಾವಿರಾರು ಸಲ ಎಸೆಯುವುದು ಮನುಷ್ಯನ ಮೊಣಕೈಗೆ ಒಗ್ಗುವ ಕೆಲಸವಲ್ಲ. ಹಾಗಾಗಿ ಪಿಚರ್‌ಗಳ ದೀರ್ಘ ಒಪ್ಪಂದ ಬ್ಯಾಟರ್‌ಗಳದ್ದಕ್ಕಿಂತ ಹೆಚ್ಚು ಅಪಾಯದ್ದು.

ಸಹಿ ಹಾಕಿದ ಮೇಲೆ ವಾಪಸಿಲ್ಲ

ಐಪಿಎಲ್ ನೋಡಿ ಬೆಳೆದ ನಮಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ: ಆಡದಿದ್ದರೆ ಬಿಟ್ಟುಬಿಡಬಹುದಲ್ಲ? 2014ರ ಹರಾಜಿನಲ್ಲಿ ನಮ್ಮ ಆರ್‌ಸಿಬಿ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು. ಒಂದೇ ಋತುವಿನ ನಂತರ ಬಿಟ್ಟುಕೊಟ್ಟಿತು. ಅಲ್ಲಿಗೆ ಲೆಕ್ಕ ಚುಕ್ತಾ. ಜತೆಗೆ ಐಪಿಎಲ್ ತಂಡಗಳಿಗೆ ಹರಾಜಿನ ಖರ್ಚಿಗೆ ಮಿತಿ ಇದೆ. 2025ಕ್ಕೆ ಅದು 120 ಕೋಟಿ ರೂಪಾಯಿ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಇವೆರಡೂ ಇಲ್ಲ. ಸಂಬಳಕ್ಕೆ ಕಡ್ಡಾಯದ ಮೇಲ್ಮಿತಿ ಇಲ್ಲ. ಒಪ್ಪಂದದ ಹಣಕ್ಕೆ ಸಾಮಾನ್ಯವಾಗಿ ಪೂರ್ಣ ಖಾತರಿ. ಆಟಗಾರ ಗಾಯಗೊಂಡರೂ, ಫಾರ್ಮ್ ಕಳೆದುಕೊಂಡರೂ, ತಂಡವೇ ಹೊರಹಾಕಿದರೂ ಬರೆದುಕೊಟ್ಟಷ್ಟು ಕೊಡಲೇಬೇಕು. ಕೆಲವು ಒಪ್ಪಂದಗಳಲ್ಲಿ ಆಟಗಾರನಿಗೆ ನಡುವೆ ಹೊರಬರುವ ಹಕ್ಕೂ ಇರುತ್ತದೆ. ಚೆನ್ನಾಗಿ ಆಡಿದವನು ಹೊರಬಂದು ಇನ್ನೂ ಹೆಚ್ಚು ಕೇಳುತ್ತಾನೆ. ಮಂಕಾದವನು ಅಲ್ಲೇ ಉಳಿಯುತ್ತಾನೆ. ತಂಡಕ್ಕೆ ಎರಡೂ ಕಡೆ ನಷ್ಟ.

ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ ಎರಡು ಬಾರಿ ಹೋಮ್ ರನ್‌ಗಳಲ್ಲಿ ಎಲ್ಲರಿಗಿಂತ ಮುಂದಿದ್ದವರು. 2016ರ ಜನವರಿಯಲ್ಲಿ ಅವರಿಗೆ 7 ವರ್ಷಕ್ಕೆ 16.1 ಕೋಟಿ ಡಾಲರ್ ಸಿಕ್ಕಿತು. 2018ರಲ್ಲಿ ಅವರ ಸರಾಸರಿ .168ಕ್ಕೆ ಕುಸಿಯಿತು. ಆ ಸೆಪ್ಟೆಂಬರ್‌ನಿಂದ ಮರುವರ್ಷದ ಏಪ್ರಿಲ್‌ವರೆಗೆ ಲೆಕ್ಕಕ್ಕೆ ಬರುವ ಸತತ 54 ಅವಕಾಶಗಳಲ್ಲಿ ಒಂದೂ ಹಿಟ್ ಇಲ್ಲ. ಪಿಚರ್ ಅಲ್ಲದ ಆಟಗಾರನೊಬ್ಬನ ಮಟ್ಟಿಗೆ ಅದು ದಾಖಲೆ. 2019ರ ಏಪ್ರಿಲ್ 13ರಂದು ಬಾಸ್ಟನ್‌ನಲ್ಲಿ ಕೊನೆಗೂ ಒಂದು ಹಿಟ್ ಬಿತ್ತು. 2021ರಲ್ಲಿ ಅವರು ನಿವೃತ್ತರಾದರು. ಆದರೆ ಮುಂದಕ್ಕೆ ಹಾಕಿದ್ದ 4.2 ಕೋಟಿ ಡಾಲರ್ ಬಾಕಿಯನ್ನು ಬಾಲ್ಟಿಮೋರ್ 2037ರವರೆಗೆ ಕಂತುಗಳಲ್ಲಿ ತೀರಿಸುತ್ತಿರಬೇಕು.

ಇಲ್ಲಿ ಕಣ್ಣಿಗೆ ಕಾಣದ ನಷ್ಟವೂ ಇದೆ. ದುಡ್ಡು ಕೊಟ್ಟಾಗಿದೆ, ಆಡಿಸದಿದ್ದರೆ ವ್ಯರ್ಥ ಎಂಬ ಯೋಚನೆಯಲ್ಲಿ ತಂಡಗಳು ಕುಂದಿದ ಆಟಗಾರನನ್ನೇ ಮತ್ತೆ ಮತ್ತೆ ಕಣಕ್ಕಿಳಿಸುತ್ತವೆ. ತಂಡದಲ್ಲಿರುವುದು 26 ಸ್ಥಾನ. ಅದರಲ್ಲೊಂದು ಹಾಗೆ ಸಿಕ್ಕಿಕೊಂಡರೆ ಹೊರಗೆ ಕಾಯುವ ಹುಡುಗನ ವರ್ಷಗಳೂ ಹಾಳು. ಇಷ್ಟಲ್ಲದೆ ತಂಡದ ಒಟ್ಟು ಸಂಬಳ ನಿಗದಿತ ಮಟ್ಟ ಮೀರಿದರೆ ತೆರಿಗೆ ಕಟ್ಟಬೇಕು. 2025ರಲ್ಲಿ ಆ ಮಟ್ಟ 24.1 ಕೋಟಿ ಡಾಲರ್. ಮೀರಿದ ಮೊತ್ತದ ಮೇಲೆ ಮೊದಲ ವರ್ಷ ಶೇ 20, ಎರಡನೇ ವರ್ಷ ಶೇ 30, ಆಮೇಲೆ ಶೇ 50. ಆಡದ ಆಟಗಾರನ ಸಂಬಳವೂ ಈ ಲೆಕ್ಕಕ್ಕೆ ಸೇರುತ್ತದೆ.

ಆಟಗಾರ ಗೆದ್ದ, ತಂಡ ಸೋತಿತು

ಎಲ್ಲ ಅಪಾಯವೂ ಆಟಗಾರನ ಸೋಲಿನಿಂದ ಬರುವುದಿಲ್ಲ. 2000ದ ಡಿಸೆಂಬರ್‌ನಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ 25 ವರ್ಷದ ಅಲೆಕ್ಸ್ ರಾಡ್ರಿಗಸ್ ಅವರಿಗೆ 10 ವರ್ಷಕ್ಕೆ 25.2 ಕೋಟಿ ಡಾಲರ್ ಕೊಟ್ಟಿತು. ವಯಸ್ಸು ಎಳೆಯದು, ಆಟ ಅದ್ಭುತ. ಮೂರು ಋತುಗಳಲ್ಲಿ 156 ಹೋಮ್ ರನ್ ಹೊಡೆದರು; 2003ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರರಾದರು. ತಂಡ ಮಾತ್ರ ಮೂರೂ ವರ್ಷ ತನ್ನ ವಿಭಾಗದ ತಳದಲ್ಲೇ ಉಳಿಯಿತು. ಒಬ್ಬನಿಗೇ ಅಷ್ಟು ಸುರಿದ ಮೇಲೆ ಒಳ್ಳೆಯ ಪಿಚರ್‌ಗಳನ್ನು ಕಟ್ಟಿಕೊಳ್ಳಲು ತಂಡಕ್ಕೆ ಆಗಲಿಲ್ಲ.

2004ರಲ್ಲಿ ರೇಂಜರ್ಸ್ ಅವರನ್ನು ಯಾಂಕೀಸ್‌ಗೆ ದಾಟಿಸಿತು. ಬಾಕಿಯಿದ್ದ 17.9 ಕೋಟಿಯಲ್ಲಿ 6.7 ಕೋಟಿ ಡಾಲರ್ ತಾನೇ ಕೊಡುತ್ತೇನೆಂದು ಒಪ್ಪಿಕೊಂಡಿತು. ಅಂದರೆ ಎದುರಾಳಿ ತಂಡಕ್ಕೆ ಆಡುವವನಿಗೆ ತಾನು ಸಂಬಳ ಕೊಟ್ಟಿತು. 2010ರಲ್ಲಿ ರೇಂಜರ್ಸ್ ದಿವಾಳಿ ಅರ್ಜಿ ಹಾಕಿದಾಗ ತಂಡ ಬಾಕಿ ಕೊಡಬೇಕಿದ್ದವರ ಪಟ್ಟಿಯಲ್ಲಿ ದೊಡ್ಡ ಹೆಸರು ರಾಡ್ರಿಗಸ್ ಅವರದೇ; ಅವರಿಗೆ ಬರಬೇಕಿದ್ದದ್ದು ಸುಮಾರು 2.5 ಕೋಟಿ ಡಾಲರ್.

ಈಚಿನ ಉದಾಹರಣೆ ವಾನ್ ಸೋಟೊ. ನ್ಯೂಯಾರ್ಕ್ ಮೆಟ್ಸ್ ತಂಡ 2024ರ ಡಿಸೆಂಬರ್‌ನಲ್ಲಿ ಅವರಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ಮೊದಲ ವರ್ಷವೇ ಅವರು 43 ಹೋಮ್ ರನ್ ಹೊಡೆದರು. ತಂಡ ಪ್ಲೇಆಫ್ ತಲುಪಲಿಲ್ಲ.

ಫಲಿಸಿದ ಜೂಜು

ಎಲ್ಲ ಜೂಜೂ ಸೋತಿಲ್ಲ. 1992ರಲ್ಲಿ ಅಟ್ಲಾಂಟಾ ತಂಡ 26 ವರ್ಷದ ಗ್ರೆಗ್ ಮ್ಯಾಡಕ್ಸ್ ಅವರನ್ನು 5 ವರ್ಷಕ್ಕೆ 2.8 ಕೋಟಿ ಡಾಲರಿಗೆ ತಂದಿತು. ಅವರು ಸತತ ಮೂರು ವರ್ಷ ಸೈ ಯಂಗ್ ಗೆದ್ದರು. ವಯಸ್ಸಿನ ಲೆಕ್ಕವನ್ನೇ ಸುಳ್ಳು ಮಾಡಿದವರು ರ‍್ಯಾಂಡಿ ಜಾನ್ಸನ್. 35ನೇ ವಯಸ್ಸಿನಲ್ಲಿ ನಾಲ್ಕು ವರ್ಷದ ಒಪ್ಪಂದಕ್ಕೆ ಅರಿಜೋನಾ ಸೇರಿ, ನಾಲ್ಕೂ ವರ್ಷ ಆ ಪ್ರಶಸ್ತಿ ಗೆದ್ದು, 2001ರಲ್ಲಿ ವರ್ಲ್ಡ್ ಸೀರೀಸ್ ತಂದುಕೊಟ್ಟರು. ಒಬ್ಬರು ಎಳೆಯ ವಯಸ್ಸಿನವರು, ಇನ್ನೊಬ್ಬರದು ಚಿಕ್ಕ ಒಪ್ಪಂದ. ಮೊತ್ತಕ್ಕಿಂತ ಅವಧಿ ಮುಖ್ಯ ಎಂಬುದನ್ನು ಈ ಎರಡೂ ಹೇಳುತ್ತವೆ.

ಶೋಹೆ ಒಟಾನಿ ಅವರದು ಬೇರೆಯೇ ಲೆಕ್ಕ. 2023ರಲ್ಲಿ ಡಾಡ್ಜರ್ಸ್ ತಂಡ ಅವರಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಬರೆದುಕೊಟ್ಟಿತು. ಆದರೆ ವರ್ಷದ 7 ಕೋಟಿಯಲ್ಲಿ 6.8 ಕೋಟಿಯನ್ನು ಬಡ್ಡಿಯಿಲ್ಲದೆ 2034ರಿಂದ 2043ರ ನಡುವೆ ಪಡೆಯಲು ಅವರು ಒಪ್ಪಿದರು. ಕೈಯಲ್ಲಿ ಉಳಿದ ಹಣದಿಂದ ತಂಡ ಬೇರೆ ಆಟಗಾರರನ್ನು ಕೂಡಿಹಾಕಿ 2024, 2025ರ ವರ್ಲ್ಡ್ ಸೀರೀಸ್ ಗೆದ್ದಿತು. ಆದರೂ ಆ ಸಾಲ ತೀರಿಸುವ ದಿನ ಬಂದೇ ಬರುತ್ತದೆ.

ತಿಳಿದೂ ಏಕೆ ಕೊಡುತ್ತಾರೆ?

ಒಂದು, ಆದಾಯ ಬರುವುದು ಪಂದ್ಯ ಗೆಲ್ಲುವುದರಿಂದ ಮಾತ್ರವಲ್ಲ. ದೊಡ್ಡ ಹೆಸರು ಬಂದರೆ ಟಿಕೆಟ್, ಜೆರ್ಸಿ, ಟಿವಿ ಹಕ್ಕು ಎಲ್ಲಕ್ಕೂ ಗಿರಾಕಿ. ಎರಡು, ಗೆಲ್ಲುವ ಅವಕಾಶ ಇವತ್ತು ಇದ್ದರೆ ಹತ್ತು ವರ್ಷದ ನಂತರದ ಹೊರೆಯನ್ನು ಯಾರೂ ಲೆಕ್ಕಿಸುವುದಿಲ್ಲ. ಮೂರು, ಒಪ್ಪಂದದ ಆಯಸ್ಸಿಗಿಂತ ಅದನ್ನು ಮಾಡಿದವರ ಹುದ್ದೆಯ ಆಯಸ್ಸು ಕಡಿಮೆ. ಪೂಹೊಲ್ಸ್ ಬಂದಾಗ ಏಂಜಲ್ಸ್‌ನ ಜನರಲ್ ಮ್ಯಾನೇಜರ್ ಆಗಿದ್ದ ಜೆರಿ ಡಿಪೋಟೊ 2015ರಲ್ಲೇ ರಾಜೀನಾಮೆ ಕೊಟ್ಟು ಹೋದರು. ಒಪ್ಪಂದ ಇನ್ನೂ ಆರು ವರ್ಷ ನಡೆಯಿತು.

ಹಾಗಾಗಿ ಜಾಣ ತಂಡಗಳು ಈಗ ಏಳು ವರ್ಷದ ಒಪ್ಪಂದವನ್ನು ಏಳು ವರ್ಷದ ಆಟವೆಂದು ಎಣಿಸುವುದಿಲ್ಲ. ಮೊದಲ ಮೂರು-ನಾಲ್ಕು ವರ್ಷಕ್ಕೆ ಕೊಡುವ ಬೆಲೆ, ಉಳಿದದ್ದು ಅದರ ಸಾಲದ ಕಂತು ಎಂದೇ ಲೆಕ್ಕ ಹಾಕುತ್ತವೆ.

ಆಟಗಾರರ ಸಂಘದೊಂದಿಗಿನ ಸದ್ಯದ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಮಿತಿ ಬೇಕೆಂಬ ಮಾಲೀಕರ ಹಳೆಯ ಬೇಡಿಕೆಗೆ ಸ್ಟ್ರಾಸ್‌ಬರ್ಗ್, ಡೇವಿಸ್ ಅವರಂಥ ಒಪ್ಪಂದಗಳನ್ನು ಸಾಕ್ಷಿಯಾಗಿ ತೋರಿಸುವುದು ಸುಲಭ. ಆದರೆ 24ರ ಹುಡುಗನಿಗೆ ಕೊಡಬೇಕಾದದ್ದನ್ನು 31ರ ಗಂಡಸಿಗೆ ಕೊಡುವ ಏರ್ಪಾಡನ್ನು ಆಟಗಾರರು ಕಟ್ಟಿದ್ದಲ್ಲ. ಆರು ವರ್ಷದ ನಿಯಮವನ್ನು ಸಡಿಲಿಸಿ ಎಳೆಯ ವಯಸ್ಸಿನಲ್ಲೇ ಆಟಕ್ಕೆ ತಕ್ಕ ಬೆಲೆ ಕೊಟ್ಟರೆ ಈ ಅಪಾಯ ತಾನೇ ಸಾಕಷ್ಟು ಇಳಿಯುತ್ತದೆ. ಅದಕ್ಕೆ ಒಪ್ಪದ ಮಾಲೀಕರು ದುಬಾರಿ ಒಪ್ಪಂದಗಳ ಬಗ್ಗೆ ಗೋಳಾಡಿದರೆ ನಂಬಬೇಕಾಗಿಲ್ಲ.